ಪಟ್ಟಿ ಮೇಷ್ಟ್ರ ಅಕ್ಷರದಳತೆ

ನಮ್ಮ ಕಚೇರಿಯಲ್ಲಿ ತಯಾರಾಗುವ ಪುಸ್ತಕಗಳನ್ನು ಯಾರೂ ಓದುವುದಿಲ್ಲ. ಪಂಪು, ಹೊಲಿಗೆ ಯಂತ್ರ, ರಕ್ತದೊತ್ತಡ ಅಳೆಯುವ ಪೆಟ್ಟಿಗೆ ಇವುಗಳ ಜೊತೆ ಬರುವ ಕೈಪಿಡಿಗಳು ನಮ್ಮವು. ಜನ ಯಂತ್ರವನ್ನು ಕೆಡಿಸಿಕೊಂಡ ಮೇಲೆಯೇ ಅವನ್ನು ಹುಡುಕುವುದು. ನಾನು ವಾಕ್ಯ ಬರೆಯುತ್ತೇನೆ, ಚಿತ್ರದಕ್ಕ ಚಿತ್ರ ಬಿಡಿಸುತ್ತಾರೆ, ಅಚ್ಚಿಗೆ ಹೋಗುವ ಮುಂಚಿನ ಕೊನೆಯ ಓದು ಪಟ್ಟಿ ಮೇಷ್ಟ್ರದು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆ ಕೊರತೆಯನ್ನು ನಮ್ಮ ಮೇಲೆ ತೀರಿಸಿಕೊಂಡರು. ಕಚೇರಿಯ ಮೂರು ಕಂಪ್ಯೂಟರ್‌ಗಳೂ ಅವರ ಸುಪರ್ದಿಯಲ್ಲಿದ್ದವು. ನಾವೆಲ್ಲ ಇಲ್ಲೊಂದು ಗುಂಡಿ ಒತ್ತಿ, ಅಲ್ಲೊಂದು ಗುರುತು ಹಾಕಿ ಕಂಪ್ಯೂಟರನ್ನು ನಮಗೆ ಬೇಕಾದಂತೆ ಮಾಡಿಕೊಳ್ಳುತ್ತೇವೆ. ಏನು ಮಾಡಿದೆವೆಂದು ಮರುವಾರ ನೆನಪಿರುವುದಿಲ್ಲ. ಮೇಷ್ಟ್ರು ಹಾಗಲ್ಲ. ಯಾವ ತಂತ್ರಾಂಶ ಬೇಕು, ಅದರ ಎಷ್ಟನೆಯ ಆವೃತ್ತಿ, ಬರೆಯುವ ಪರದೆಯ ಬಣ್ಣ ಯಾವುದು, ಯಾವ ಕೀಲಿ ಒತ್ತಿದರೆ ಏನಾಗಬೇಕು, ಎಲ್ಲವೂ ಒಂದೇ ಕಡತದಲ್ಲಿ, ಒಂದೇ ಪಟ್ಟಿಯಲ್ಲಿ. ಕಂಪ್ಯೂಟರ್ ಅದನ್ನು ಓದಿ ತಾನಾಗಿಯೇ ಹಾಗಾಗುತ್ತದೆ.

“ನೋಡಮ್ಮ, ಅಡುಗೆಯವನ ಹಿಂದೆ ನಿಂತ್ಕೊಂಡು ಉಪ್ಪು ಹಾಕು, ಉರಿ ತಗ್ಸು ಅಂತ ಹೇಳ್ಬಾರ್ದು. ತಟ್ಟೇಲಿ ಏನಿರ್ಬೇಕು ಅಂತ ಬರ್ದಿಟ್ಟು ಹೋಗಿ ಕೂತ್ಕೋಬೇಕು,” ಎಂದು ಚಿತ್ರದಕ್ಕನಿಗೆ ಉಪದೇಶಿಸುತ್ತಿದ್ದರು.

“ನಿಮ್ಮನೇಲಿ ಹಾಗೇ ಬರ್ದಿಡ್ತೀರಾ ಮೇಷ್ಟ್ರೇ?”

“ಮನೆ ವಿಷ್ಯ ಬೇರೆ.”

ಹೋದ ವರ್ಷ ಅವರ ಶಿಸ್ತು ಇನ್ನೊಂದು ಮೆಟ್ಟಿಲು ಏರಿತು. ನಾವು ಕದ್ದುಮುಚ್ಚಿ ಕೈಯಾಡಿಸುತ್ತೇವೆಂದು, ಅಕ್ಷರ ದೊಡ್ಡದು ಮಾಡುವ ಗುಂಡಿಯನ್ನೇ ಪಟ್ಟಿಯ ಮೂಲಕ ಮಾಯ ಮಾಡಿದರು. ಎಲ್ಲರಿಗೂ ಹತ್ತರ ಅಳತೆ.

ಆಮೇಲೆ ಅವರೇ ಒಪ್ಪಿಕೊಂಡ ಸಂಗತಿ ಏನೆಂದರೆ, ಗುಂಡಿ ಮಾಯವಾಗುವ ಮೊದಲೇ ತಮ್ಮ ಪರದೆಯ ಅಕ್ಷರವನ್ನು ಅದೇ ಗುಂಡಿ ಒತ್ತಿ ಇಪ್ಪತ್ತೆರಡಕ್ಕೆ ಏರಿಸಿಕೊಂಡಿದ್ದರು, ಅದು ಅವರ ಕಂಪ್ಯೂಟರಿನಲ್ಲಿ ಮಾತ್ರ ಹಾಗೇ ಉಳಿದಿತ್ತು. ಪಟ್ಟಿಯಲ್ಲಿ ಬರೆಯಲಿಲ್ಲ. ಬರೆದರೆ ನಾವು ಓದುತ್ತೇವಲ್ಲ! ಅವರಿಗಿಂತ ಮುಂಚೆ ಕೊನೆಯ ಓದು ಮಾಡುತ್ತಿದ್ದ ಹಿರಿಯರ ಕಣ್ಣು ಮಂಜಾಯಿತೆಂದೇ ಕಚೇರಿಯ ಯಜಮಾನಿ ಆ ಕೆಲಸವನ್ನು ಇವರಿಗೆ ಕೊಟ್ಟಿದ್ದು. ಕೊಟ್ಟ ಕೈಗೆ ಕಿತ್ತುಕೊಳ್ಳುವುದೂ ಗೊತ್ತು ಎಂಬ ಭಯ ಅವರಿಗೆ. ಕನ್ನಡಕದ ಅಂಗಡಿ ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರಂತೆ.

ಒಂದು ಸೋಮವಾರ ಅವರ ಕಂಪ್ಯೂಟರ್ ಕಣ್ಣು ಮುಚ್ಚಿತು. ರಕ್ತದೊತ್ತಡದ ಪೆಟ್ಟಿಗೆಯ ಕೈಪಿಡಿ ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗಬೇಕು. ಯಜಮಾನಿಗೆ ಸ್ವತಃ ಆ ಪೆಟ್ಟಿಗೆ ಬೇಕಾಯಿತು. ಮೇಷ್ಟ್ರ ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ.

“ಎಲ್ಲಾ ಬನ್ನಿ. ಹೊಸ ಡಿಸ್ಕ್ ಹಾಕ್ತೀನಿ, ಪಟ್ಟಿ ಕೊಡ್ತೀನಿ. ಚಹಾ ಮುಗಿಯೋದ್ರೊಳಗೆ ಹಳೇದರ ತದ್ರೂಪು ಎದ್ದು ಕೂರತ್ತೆ!”

ಮೂರು ಚಹಾ ಆಯಿತು, ಆದರೂ ಎದ್ದು ಕೂತಿತು. ಅದೇ ಬಣ್ಣ, ಅದೇ ಕೀಲಿ, ಅದೇ ನಿಘಂಟು. ನಾವು ಚಪ್ಪಾಳೆ ತಟ್ಟಿದೆವು. ಪಟ್ಟಿ ಚಾಚೂ ತಪ್ಪಿರಲಿಲ್ಲ, ಅಕ್ಷರವೂ ಹತ್ತರ ಅಳತೆಗೇ ಬಂದಿತ್ತು. ಮೇಷ್ಟ್ರಿಗೆ ಪರದೆಯ ಮೇಲೆ ಇರುವೆ ಸಾಲು ಕಂಡಿತು.

“ಸರಿ, ಸರಿ, ನಿಮ್ನಿಮ್ಮ ಕೆಲಸ ನೋಡ್ಕೊಳ್ಳಿ,” ಎಂದು ನಮ್ಮನ್ನು ಅಟ್ಟಿದರು. ಗುಂಡಿ ಇಲ್ಲ. ಉಳಿದಿದ್ದು ಪಟ್ಟಿಯೊಂದೇ. ಅದರಲ್ಲಿ ‘ಎಲ್ಲರಿಗೂ’ ಎಂಬ ಭಾಗ ಮೇಲೆ, ಒಬ್ಬೊಬ್ಬರದು ಕೆಳಗೆ. ಮೂಗು ಪರದೆಗೆ ತಾಗಿಸಿ, ತಮ್ಮ ಭಾಗವೆಂದು ತಿಳಿದು ಒಂದು ಕಡೆ ಇಪ್ಪತ್ತೆರಡು ಎಂದು ಬರೆದು ಜಾರಿ ಮಾಡಿದರು.

ನನ್ನ ಪರದೆಯಲ್ಲಿ ವಾಕ್ಯವೊಂದು ಬಲೂನಿನಂತೆ ಉಬ್ಬಿತು. ಆ ಮೂಲೆಯಿಂದ ಚಿತ್ರದಕ್ಕ “ಅಯ್ಯಯ್ಯೋ!” ಎಂದರು. ಯಜಮಾನಿ ಒಳಗಿನಿಂದ ಬಂದರು.

“ಯಾರು ಮಾಡಿದ್ದಿದು?”

ಸುಳ್ಳು ಹೇಳುವ ಹಾಗಿರಲಿಲ್ಲ. ಯಾವ ಸಾಲನ್ನು ಯಾರು, ಎಷ್ಟು ಗಂಟೆಗೆ ಬದಲಿಸಿದರೆಂದು ಪಟ್ಟಿಯೇ ಬರೆದಿಟ್ಟುಕೊಳ್ಳುವಂತೆ ಏರ್ಪಾಡು ಮಾಡಿದ್ದವರೂ ಅವರೇ.

“ನಾನೇ ಮೇಡಂ,” ಎಂದು ಮೇಷ್ಟ್ರು ಎದ್ದು ನಿಂತರು. “ಕಣ್ಣು... ಎರಡು ವರ್ಷದಿಂದ ಅಷ್ಟಕ್ಕಷ್ಟೇ. ನನ್ನೊಬ್ಬನಿಗೇ ಅಂತ ಬರ್ಯೋಕೆ ಹೋದೆ, ಸಾಲು ಕಾಣ್ಲಿಲ್ಲ. ಕೊನೇ ಓದು ಬೇರೆಯವ್ರಿಗೆ ಕೊಡ್ತೀರಾದ್ರೆ ಕೊಡಿ. ಈಗ್ಲೇ ಹತ್ತಕ್ಕೆ ಇಳಿಸ್ತೀನಿ.”

“ಇಳಿಸಿದ್ರೆ ನೋಡಿ ಮತ್ತೆ!” ಚಿತ್ರದಕ್ಕ ಕುರ್ಚಿ ತಿರುಗಿಸಿದರು. “ಒಂದು ವರ್ಷದಿಂದ ಕತ್ತು ಚಾಚಿ ಚಾಚಿ ಕೊಕ್ಕರೆ ಆಗಿದೀನಿ. ನನ್ನ ಚಿತ್ರದ ಪಕ್ಕ ಏನು ಬರ್ದಿದೆ ಅಂತ ಈಗ ಗೊತ್ತಾಗ್ತಿದೆ.”

ನನ್ನ ಕನ್ನಡಕ ಮೇಜಿನ ಕೆಳಖಾನೆಯಲ್ಲಿ, ಕಾಗದದಡಿ ಯಾರಿಗೂ ಕಾಣದಂತೆ ಅಡಗಿತ್ತು.

ಯಜಮಾನಿ ಮೇಷ್ಟ್ರ ಕಡೆ ತಿರುಗಿದರು. “ಎರಡು ವರ್ಷದಲ್ಲಿ ಒಂದು ತಪ್ಪೂ ಅಚ್ಚಿಗೆ ಬಿಟ್ಟಿಲ್ಲ ನೀವು. ಆ ಹಿರಿಯರು ಕಾಣಲ್ಲ ಅಂತ ಬಾಯಿ ಬಿಡ್ಲಿಲ್ಲ, ಅದಕ್ಕೇ ಬದಲಾಯಿಸ್ಬೇಕಾಯ್ತು. ನೀವು ಹೇಳಿದ್ರಲ್ಲ, ಸಾಕು. ಶನಿವಾರ ಕಣ್ಣಿನ ಡಾಕ್ಟರು. ಈಗ ಓದಿ, ಗಂಟೆ ಹನ್ನೆರಡಾಯ್ತು.”

ಮೇಷ್ಟ್ರು ಕೂತರು. ದೊಡ್ಡ ಅಕ್ಷರದಲ್ಲಿ ಹೊಸ ಹುರುಪು ಬಂದು, ಮೂರೂವರೆಯ ಹೊತ್ತಿಗೆ ಹದಿನೇಳು ತಪ್ಪು ಹಿಡಿದರು. ಅದರಲ್ಲಿ ಹದಿನಾರು ನನ್ನವು. ಅವನ್ನು ಒಂದೊಂದಾಗಿ, ಗಟ್ಟಿಯಾಗಿ, ಇಡೀ ಕಚೇರಿಗೆ ಕೇಳುವಂತೆ ಓದಿ ಹೇಳಿದರು.