ಗೋಡೆ ಎಷ್ಟು ಆಳಕ್ಕಿದೆ?

ಹೊಸದಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನ ಮೇಲೆ ಅವತ್ತು ನಾವು ಮೂವರಿದ್ದೆವು. ಇಂಜಿನಿಯರಿಂಗ್ ಪಾಠ ಹೇಳುವ ನನ್ನ ತಂಗಿ ಮಗಳು ಸುಮಾ, ಹಳ್ಳದ ದಂಡೆಯಲ್ಲೇ ಮನೆ ಇರುವ ತಿಮ್ಮಪ್ಪ, ಮತ್ತು ಬೇರೆ ಕೆಲಸವಿಲ್ಲದ ನಾನು. ಜಯಪುರದ ಬಸ್ಸಿಳಿದು ಎರಡು ಮೈಲಿ ನಡೆದಿದ್ದೆ (ಮಂಡಿಯ ವಿಷಯ ಕೇಳಬೇಡಿ).

ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ. ನೀರು ನಿಂತರೆ ದಂಡೆಯ ಬಾವಿ ಮೇ ತನಕ ಬತ್ತದು. ಹನ್ನೆರಡು ಮನೆಗೆ ಅದೊಂದೇ ಬಾವಿ. ಕಟ್ಟೆಯ ಅಡಿಯಿಂದ ನೀರು ಎಷ್ಟು ಜಿನುಗೀತು ಎಂದು ಊರವರು ಕೇಳಿದ್ದಕ್ಕೆ ಸುಮಾ ಲೆಕ್ಕ ಹಾಕಿದ್ದಳು. ಭಯವಿಲ್ಲ ಎಂದು ಬಂದಿತ್ತು.

"ನೆಲದೊಳಗೆ ನೋಡದೆ ಅದು ಹೇಗೆ ಗೊತ್ತಾಗುತ್ತೆ ಕೂಸೆ?" ಎಂದೆ.

"ಬೌಂಡರಿ ಎಲಿಮೆಂಟ್ ಮೆಥಡ್ ಅಂತ ಇದೆ ದೊಡ್ಡಮ್ಮ. ಅಂಚಿನಲ್ಲಿ ಏನಿದೆ ಅಂತ ಗೊತ್ತಿದ್ರೆ ಸಾಕು, ಒಳಗಿಂದೆಲ್ಲ ಲೆಕ್ಕದಲ್ಲೇ ಸಿಗುತ್ತೆ. ಕಾಂಪ್ಲೆಕ್ಸ್ ನಂಬರ್ ಬಳಸ್ತೀವಿ. ಒಂದೇ ನಂಬರಿನ ಒಂದು ಭಾಗ ಒತ್ತಡ ಹೇಳುತ್ತೆ, ಇನ್ನೊಂದು ನೀರು ಹೋಗೋ ದಾರಿ."

ಅಂಗಳ ನೋಡಿ ಮನೆ ಹೇಳಬಹುದು ಅನ್ನುತ್ತಿದ್ದರು ನಮ್ಮಜ್ಜಿ. ಅಜ್ಜಿಗೆ ಲ್ಯಾಪ್‌ಟಾಪ್ ಬೇಕಿರಲಿಲ್ಲ, ಅಷ್ಟೇ.

ಕಟ್ಟೆ ಕಟ್ಟಿಸಿದವರು ಕೊಟ್ಟ ಡ್ರಾಯಿಂಗು ಸುಮಾಳ ಕೈಯಲ್ಲಿತ್ತು. ಅದನ್ನು ತಿಮ್ಮಪ್ಪ ಇಣುಕಿ ನೋಡಿದರು. "ಇದೆಂತ, ಕೆಳಗೆ ಇಳಿದಿರೋ ಗೆರೆ?"

"ಅಡಿಯಿಂದ ನೀರು ಹೋಗದ ಹಾಗೆ ಕಟ್ಟಿದ ಗೋಡೆ. ಎಂಟಡಿ."

"ಎಂಟಡಿಯಾ? ಎರಡಡಿ ಅಗೆಯೋದ್ರೊಳಗೆ ಗುಂಡಿಗೆ ನೀರು ಬಂತು ಅಂತ ಅಲ್ಲಿಗೇ ಕಾಂಕ್ರೀಟ್ ಸುರಿದ್ರು. ಅವರಿಗೆ ಚಾ ಕೊಟ್ಟಿದ್ದು ನಾನೇ ಮಾರಾಯ್ರೆ. ಉಳಿದ ಆರಡಿ ನಿಮ್ಮ ಕಾಗದದಲ್ಲೇ ಇರ್ಬೇಕು."

ಸುಮಾ ನಗಲಿಲ್ಲ. ಅಲ್ಲೇ ಕೂತು ಲ್ಯಾಪ್‌ಟಾಪ್ ತೆರೆದು ಆ ಒಂದು ಅಂಚನ್ನು ತಿದ್ದಿದಳು. ಒಳಗಿನದೆಲ್ಲ ಬದಲಾಯಿತು. ಹಲಗೆ ಹಾಕಿ ತುಂಬಿಸಿದರೆ ನೀರು ಅಡಿಯ ಮರಳನ್ನೇ ಕೊಚ್ಚಿಕೊಂಡು ಹೋಗುತ್ತದೆ.

ಮರುದಿನವೇ ಕಟ್ಟೆ ಕಟ್ಟಿಸಿದ ಆಫೀಸಿಗೆ ಹೋದೆವು. ಮೊದಲು ಅಡಿಪಾಯ ಸರಿ ಮಾಡಿಸಿ ಎಂದು ಸುಮಾ ಕೇಳಿಕೊಂಡಳು. ಅಲ್ಲಿದ್ದವರು ಒಳ್ಳೆಯವರೇ. ಕಾಫಿ ತರಿಸಿದರು, ಲೆಕ್ಕ ನೋಡಿದರು. "ಡ್ರಾಯಿಂಗಲ್ಲಿ ಎಂಟಡಿ ಇದೆಯಲ್ಲ ಮೇಡಂ. ಚಾ ಕೊಟ್ಟವರ ಮಾತನ್ನ ಫೈಲಿಗೆ ಹಾಕೋಕಾಗುತ್ತಾ?"

ಲೆಕ್ಕ ಸುಳ್ಳು ಹೇಳುವುದಿಲ್ಲ, ನಿಜ. ನಾವು ಕೊಟ್ಟ ಅಂಚೇ ಸುಳ್ಳಾದರೆ ಅದು ಪಾಪ ಏನು ಮಾಡೀತು? ಇಂಥ ಎಷ್ಟು ಕಾಗದಗಳನ್ನು ನಂಬಿ ನಾವೆಲ್ಲ ನೆಮ್ಮದಿಯಾಗಿ ನಿಂತಿದ್ದೇವೋ.

ಹಲಗೆ ಹಾಕಿದರು. ಹಾಕದಿದ್ದರೂ ಬಾವಿ ಬತ್ತುತ್ತಿತ್ತು. ಊರವರು ಇನ್ನೇನು ಮಾಡಬೇಕಿತ್ತು? ಫೆಬ್ರವರಿಯ ಒಂದು ಬೆಳಿಗ್ಗೆ ತಿಮ್ಮಪ್ಪ ಫೋನ್ ಮಾಡಿದರು. "ಕಟ್ಟೆ ನಿಂತಿದೆ. ಹಲಗೆನೂ ನಿಂತಿದೆ. ನೀರಿಲ್ಲ."

ಮಾರ್ಚ್ ಮುಗಿಯುವುದರೊಳಗೆ ಬಾವಿಯ ತಳ ಕಂಡಿತು.

ಮೊನ್ನೆ ಆಫೀಸಿನವರು ಬಂದು ಫೋಟೋ ತೆಗೆದರು. ಕಟ್ಟೆಗೆ ಯಾವ ಹಾನಿಯೂ ಆಗಿಲ್ಲ ಎಂದು ಬರೆದುಕೊಂಡು ಹೋದರು.