ಎದಿಲ್ಮಾ ಬಾಯಿಬಿಟ್ಟು ಕೇಳಿದ್ದು

ಲೋಸ್ ಪೋಸೋಸ್ ಬೆಟ್ಟದ ಆ ಕೇರಿಯಲ್ಲಿ ಎದಿಲ್ಮಾ ಮಣ್ಣು ತುಳಿಯದೆ ಎದ್ದ ಗೋಡೆಯೇ ಇರಲಿಲ್ಲ. ಯಾರ ಮನೆಯೇ ಆಗಲಿ, ‘ಹುಂತಾ’ ಎಂದು ಕರೆ ಬಂದರೆ ಊರೆಲ್ಲ ಸೇರಿ ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ತಡಿಕೆಗೆ ಮೆತ್ತಿ ಒಂದೇ ದಿನದಲ್ಲಿ ಮುಗಿಸುವುದು ರೂಢಿ. ಲಂಗ ಎತ್ತಿಕಟ್ಟಿ ಮೊದಲು ಕೆಸರಿಗಿಳಿಯುವವಳು ಅವಳೇ. ಆದರೆ ಗಂಡ ತೀರಿಕೊಂಡು ಹದಿನೆಂಟು ವರ್ಷವಾದರೂ ತನಗೆಂದು ಒಬ್ಬರನ್ನೂ ಕರೆದವಳಲ್ಲ. “ದೇವರು ಎರಡು ಕೈ ಕೊಟ್ಟಿದ್ದಾನಲ್ಲ” ಎನ್ನುವಳು.

ಆ ವರ್ಷ ಅವಳ ಅಕ್ಕ ತೋಮಾಸಾ ಕಾಲುಗಳ ಶಕ್ತಿ ಉಡುಗಿ ಆಸ್ಪತ್ರೆ ಸೇರಿದಳು. ತಿಂಗಳೊಳಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು. ಅಕ್ಕನಿಗೆ ಬೇರೆ ದಿಕ್ಕಿಲ್ಲ. ಎದಿಲ್ಮಾಳ ಗುಡಿಸಲಲ್ಲಿ ಇನ್ನೊಂದು ಮಂಚಕ್ಕೆ ಜಾಗವಿಲ್ಲ. ಒಬ್ಬಳೇ ಕೋಣೆ ಕಟ್ಟಲು ಹೊರಟಳು. ದಿನಕ್ಕೊಂದು ಮೊಳ ಮಣ್ಣು ಮೆತ್ತಿದಳು. ನಿನ್ನೆಯದು ಒಣಗಿರುತ್ತಿತ್ತು, ಇವತ್ತಿನದು ಹಸಿ; ಎರಡೂ ಕೂಡಿಕೊಳ್ಳಲಿಲ್ಲ. ಒಂಬತ್ತನೆಯ ದಿನ ಸಂದುಗಳೆಲ್ಲ ಬಿರಿದು ಅರ್ಧ ಗೋಡೆ ದೊಪ್ಪನೆ ಕಳಚಿಬಿತ್ತು. ಮಳೆಗಾಲಕ್ಕೆ ಮೂರೇ ವಾರ.

ಕಣ್ಣೊರೆಸಿಕೊಂಡು, ಹುಂತಾಗಳಿಗೆ ಮುಂದಾಳಾದ ಬೌದಿಲಿಯೊನ ಮನೆಗೆ ನಡೆದಳು.

“ಅಣ್ಣಾ, ಒಂದು ಸಲಿಕೆ ಬೇಕಿತ್ತು.”

“ನಿಮ್ಮನೇಲಿ ಎರಡಿದೆ.”

“ಹಿಡಿ ಸಡಿಲ ಆಗಿದೆ.”

“ಸಡಿಲ ಆಗಿರೋದು ಹಿಡಿ ಅಲ್ಲ, ಗೋಡೆ. ಬಿದ್ದ ಸದ್ದಿಗೆ ನಮ್ಮ ಕೋಳಿಗಳೆಲ್ಲ ಎದ್ದು ಓಡಿದ್ವು.”

ಅವನ ಹೆಂಡತಿ ಎನೆಯಿದಾ ಸೌಟು ಹಿಡಿದೇ ಹೊರಬಂದಳು. “ನನ್ನ ಮನೆಗೆ ಮಣ್ಣು ತುಳಿದೆ, ನನ್ನ ಮಗಳ ಮನೆಗೂ ತುಳಿದೆ. ಪುಣ್ಯಾನೆಲ್ಲ ನೀನೊಬ್ಳೇ ಗಂಟು ಕಟ್ಕೊಂಡು ಹೋಗ್ತೀಯೇನೇ? ನಮಗೂ ಚೂರು ಉಳಿಸು!”

ಇಷ್ಟು ವರ್ಷ ಎದಿಲ್ಮಾ ತನ್ನದು ಸಂಕೋಚವೆಂದುಕೊಂಡಿದ್ದಳು. ಊರಿನ ಕಣ್ಣಿಗೆ ಅದು ಬಿಗುಮಾನ.

“ನನ್ನ ಕೈಲಾಗಲ್ಲ ಅಣ್ಣಾ,” ಎಂದಳು ಕೊನೆಗೆ. “ಬರ್ತೀರಾ?”

“ಶನಿವಾರ. ಆದ್ರೆ ಮನೆಮನೆಗೂ ನೀನೇ ಹೋಗಿ ಕರೀಬೇಕು. ನಾನು ಕರೆದ್ರೆ ಅದು ನನ್ನ ಹುಂತಾ ಆಗುತ್ತೆ.”

ಇಪ್ಪತ್ತಮೂರು ಬಾಗಿಲು. ಮೊದಲ ಮೂರರಲ್ಲಿ ನಾಲಿಗೆ ತೊದಲಿತು. ನಾಲ್ಕನೆಯದರಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಅವಳ ಕೆನ್ನೆ ಹಿಡಿದು, “ಅಂತೂ ನಮ್ಮನೆ ದಾರಿ ಸಿಕ್ತಾ?” ಎಂದಳು. ಆಮೇಲೆ ಕಷ್ಟವಾಗಲಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಹುಂತಾಗೆ ಹೊರಟ ಗಂಡಸರು ಒಬ್ಬರನ್ನೊಬ್ಬರು ಕರೆಯುವ ನೀಳ ಕೂಗು ಬೆಟ್ಟದಿಂದ ಬೆಟ್ಟಕ್ಕೆ ಕೇಳಿಸಿತು. ಹೆಂಗಸರು ಕೋಳಿಸಾರಿಗೆ ಗೆಡ್ಡೆ ಹೊತ್ತು ತಂದರು. ಎಲ್ಲರೂ ಕೆಸರಲ್ಲಿ ಕೈಕೈ ಹಿಡಿದು ಸುತ್ತುತ್ತ ತುಳಿದರು. ಎದಿಲ್ಮಾಳ ಮುಖಕ್ಕೂ ಮೆತ್ತಿದರು. ಹೊತ್ತು ಮುಳುಗುವಾಗ ನಾಲ್ಕೂ ಗೋಡೆ ನಿಂತಿದ್ದವು. ಅವುಗಳ ಮುಂದೆ ಅವಳು ಶಿಲುಬೆಯ ಗುರುತು ಮಾಡಿಕೊಂಡು, ಒಬ್ಬೊಬ್ಬರ ಹೆಸರನ್ನೂ ದೇವರಿಗೆ ಒಪ್ಪಿಸಿದಳು.

ಎರಡು ವಾರಕ್ಕೆ ಮಣ್ಣು ಆರಿತು. ಗಾಡಿ ಹತ್ತದ ದಾರಿಯಲ್ಲಿ ನಾಲ್ವರು ತೋಮಾಸಾಳನ್ನು ಜೋಲಿಯಲ್ಲಿ ಹೊತ್ತು ತಂದರು.

“ಇವರನ್ನೆಲ್ಲ ಯಾರೇ ಕರೆದದ್ದು?”

“ನಾನೇ ಕಣಕ್ಕಾ. ಬಾಯಿಬಿಟ್ಟು ಕೇಳ್ದೆ.”

“ನೀನಾ!” ತೋಮಾಸಾ ನಕ್ಕ ರಭಸಕ್ಕೆ ಜೋಲಿಯೇ ತೂಗಾಡಿತು.

“ನಗ್ಬೇಡ ತಾಯಿ, ಎಲ್ರೂ ಉರುಳ್ತೀವಿ!” ಎಂದು ಮುಂದಿನ ಕೊನೆ ಹೊತ್ತಿದ್ದ ಬೌದಿಲಿಯೊ ಗದರಿದ; ಅವನ ಭುಜವೂ ನಗುವಿಗೆ ಕುಣಿಯುತ್ತಿತ್ತು.