ಎಣ್ಣೆ ಮಿಂದ ಜಾರುಹಲಗೆಗಳು

ಸಂತೋಷವನ್ನು ಒಬ್ಬಳೇ ಇಟ್ಟುಕೊಂಡು ಕೂರುವುದು ಎಷ್ಟು ಕಷ್ಟ ಅಂತ ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ದುಃಖವಾದರೆ ಮುಸುಕೆಳೆದು ಮಲಗಬಹುದು. ಸಂತೋಷ ಹಾಗೆ ಮಲಗಲು ಬಿಡುವುದಿಲ್ಲ. ಎದ್ದು ಹೋಗಿ ಯಾರಿಗಾದರೂ ಹೇಳು ಎನ್ನುತ್ತದೆ. ಗಂಗೊಳ್ಳಿಯಲ್ಲಾಗಿದ್ದರೆ ಬಾವಿಕಟ್ಟೆಯಲ್ಲಿ ಕೊಡ ತುಂಬುವಷ್ಟರಲ್ಲಿ ಅರ್ಧ ಕೇರಿಗೆ ಹೇಳಿ ಮುಗಿಸುತ್ತಿದ್ದೆ. ಇಲ್ಲಿ ಕುವೈತಿನ ಸಾಲ್ಮಿಯಾದಲ್ಲಿ, ಮಗಳ ಫ್ಲ್ಯಾಟಿನಲ್ಲಿ, ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಉಳಿಯುವುದು ನಾನು ಮತ್ತು ಫ್ರಿಜ್ಜು. ಫ್ರಿಜ್ಜು ಆಗಾಗ ಗುರ್ ಎಂದು ಹೂಂಗುಟ್ಟುತ್ತದೆ. ಅದಕ್ಕೆ ಹೇಳಿ ನೋಡಿದೆ. ಸಾಲಲಿಲ್ಲ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳು, ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ನೀವೇ ಸೇರಿಸಿಕೊಳ್ಳಿ.

ವಿಷಯ ಇಷ್ಟೇ. ನನ್ನ ಮೊಮ್ಮಗಳು ಮಾನ್ಯ ಮೊನ್ನೆ ಶುಕ್ರವಾರ ಸ್ಕೀ ಆಡಿದಳು. ಅದೂ ಮನೆಯಲ್ಲೇ ಮಾಡಿದ ಸ್ಕೀ. ಸ್ಕೀ ಅಂದರೆ ಹಿಮದ ಊರಿನವರು ಕಾಲಿಗೆ ಕಟ್ಟಿಕೊಂಡು ಗುಡ್ಡದಿಂದ ಜಾರುವ ಉದ್ದನೆಯ ಎರಡು ಹಲಗೆ. ಮೂತಿ ಮಾತ್ರ ಮೇಲಕ್ಕೆ ಬಾಗಿರುತ್ತದೆ. ಕುವೈತಿನಲ್ಲಿ ಹಿಮ ಎಲ್ಲಿಂದ ಬರಬೇಕು ಅಂತ ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಅವಳ ಕ್ಲಾಸಿನ ಹುಡುಗಿಯರು ರಜೆಯಲ್ಲಿ ಅಂಥ ಊರುಗಳಿಗೆ ಹೋಗಿ ಫೋಟೊ ಕಳಿಸಿದ್ದರು. ಇವಳು ಮುಖ ಊದಿಸಿಕೊಂಡು ಕೂತಳು. ಆಗ ನನ್ನ ಅಳಿಯಂದಿರು, "ಹಿಮ ಇಲ್ಲದಿದ್ರೆ ಏನಮ್ಮಾ, ಮರಳಿಲ್ವಾ? ನಾವೇ ಮಾಡೋಣ," ಅಂದುಬಿಟ್ಟರು.

ಅಳಿಯಂದಿರು ಮೈಸೂರು ಕಡೆಯವರು, ಎಂಜಿನಿಯರು. ಆಫೀಸಿನಲ್ಲಿ ಏನು ಮಾಡುತ್ತಾರೋ ನನಗೆ ತಿಳಿಯದು. ಮನೆಗೆ ಬಂದರೆ ಮರ ಕೊಯ್ಯುತ್ತಾರೆ. ಅಡುಗೆಮನೆಯ ಹಿಂದಿನ ಚಿಕ್ಕ ಕೋಣೆ ಅವರ ಕಾರ್ಖಾನೆ. ನಾನು ಬಂದ ಮೇಲೆ ಅದರಲ್ಲಿ ಒಂದು ಮಂಚ ಹಾಕಿದರು, ಆದರೆ ಕಾರ್ಖಾನೆ ಪೂರ್ತಿ ಖಾಲಿಯಾಗಲಿಲ್ಲ. ಮಂಚದ ಕೆಳಗೆ ಗರಗಸ, ತಲೆದಿಂಬಿನ ಹಿಂದೆ ಅಂಟಿನ ಡಬ್ಬಿ, ನನ್ನ ಸೀರೆಯ ಪಕ್ಕದಲ್ಲಿ ಸಾಲಾಗಿ ತೂಗುವ ಕ್ಲ್ಯಾಂಪುಗಳು. ಬೇರೆಯವರಿಗೆ ಇದು ಕಷ್ಟವೇನೋ. ನನಗೆ ಆ ಮರದಪುಡಿಯ ವಾಸನೆ ಸಾಕು, ನಿದ್ದೆ ಬರುತ್ತದೆ. ನಮ್ಮ ಮನೆಯವರು ದೋಣಿ ಕಟ್ಟುವ ಬಡಗಿ. ಅವರು ಹೋದ ಮೇಲೆ ಮನೆಯಲ್ಲಿ ಎಲ್ಲ ಇತ್ತು, ಆ ವಾಸನೆ ಇರಲಿಲ್ಲ.

ಒಂದು ತೊಡಕಿತ್ತು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರ ಮಾತೂ ಆಡುವುದಿಲ್ಲ. ಯಾರು ಮಾಡಿದ ನಿಯಮವೋ, ನನ್ನ ತಾಯಿ ಪಾಲಿಸಿದರು, ನಾನೂ ಪಾಲಿಸಿದೆ. ಅವರಿಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದೆ. "ಊಟ ತಣ್ಣಗಾತಿತ್ತೇನೋ," ಅಂತ ಗೋಡೆಗೆ ಹೇಳಿದರೆ ಅವರು ಎದ್ದು ಬಂದು ಊಟಕ್ಕೆ ಕೂರುತ್ತಿದ್ದರು. ಅವರೂ ತುಂಬ ಮರ್ಯಾದಸ್ಥರು. "ಸಾರು ಚೆನ್ನಾಗಿದೆ," ಅಂತ ಸಾರಿಗೇ ಹೇಳುತ್ತಿದ್ದರು. ಮನೆಯಲ್ಲಿ ಇರುವುದೇ ನಾಲ್ಕು ಜನ, ಅದರಲ್ಲಿ ಮಗಳು ಸುಮಾ ಆಸ್ಪತ್ರೆಯ ನರ್ಸು, ಅವಳ ಡ್ಯೂಟಿಗೆ ಹಗಲು ರಾತ್ರಿ ಇಲ್ಲ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಹೀಗಾಗಿ ನನ್ನ ಮಾತು ಅಂದರೆ ದಿನಕ್ಕೆ ಒಂದು ಹಿಡಿ. ಕೆಳಗೆ ಕಟ್ಟಡ ಕಾಯುವ ಹಾರಿಸ್ ನನ್ನನ್ನು ಕಂಡರೆ ಎದೆಗೆ ಕೈಯಿಟ್ಟು ಏನೋ ಹೇಳುತ್ತಾನೆ, ನಾನೂ ಎದೆಗೆ ಕೈಯಿಡುತ್ತೇನೆ. ಆ ದಿನದ ದೊಡ್ಡ ಸಂಭಾಷಣೆ ಅದೇ.

ಸ್ಕೀಯ ಮೂತಿ ಬಗ್ಗಿಸುವಾಗ ಈ ನಿಯಮದ ಅವಸ್ಥೆ ನೋಡಬೇಕಿತ್ತು. ಅಳಿಯಂದಿರು ಶುವೈಖಿನ ಮರದಂಗಡಿಯಿಂದ ತೆಳು ಹಲಗೆಗಳನ್ನು ತಂದು, ಕಂಪ್ಯೂಟರಿನಲ್ಲಿ ಮಗುವಿನ ತೂಕಕ್ಕೆ ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕಿ ಕೊಯ್ದಿದ್ದರು. ಒಣ ಹಲಗೆಯನ್ನೇ ಬಗ್ಗಿಸಲು ಹೋದರು, ಚಟಕ್ಕನೆ ಮುರಿಯಿತು. ಹಲಗೆ ಬೆಂದ ಮೇಲೆ ಬಾಗುತ್ತದೆ ಅಂತ ನನಗೆ ಗೊತ್ತು. ಎಷ್ಟು ಬೇಯಬೇಕು ಅಂತ ಗೊತ್ತಿಲ್ಲ. ನಾನು ಒಲೆಗೆ ಸೌದೆ ಹಾಕಿದವಳು, ಬಗ್ಗಿಸಿದವರು ನಮ್ಮ ಮನೆಯವರು. ಆದರೂ ದೊಡ್ಡ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಹಲಗೆಯ ತುದಿಯನ್ನು ಅದರೊಳಗೆ ಇಳಿಸಿ, ಸುತ್ತ ಬಟ್ಟೆ ಮುಚ್ಚಿ ಕೂತೆ. ಬೆಂದ ಹಲಗೆಯನ್ನು ಅಚ್ಚಿಗೆ ಒತ್ತುವಾಗ ಒಂದು ತುದಿ ಅಳಿಯಂದಿರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ನಡುವೆ ಮಾನ್ಯ.

"ಅಪ್ಪಯ್ಯಂಗೆ ಹೇಳ್ ಮಗಾ, ಬಲ್ದ್ ಬದಿ ಒಂಚೂರ್ ಎತ್ತುಕೆ," ಅಂತ ನಾನು.

"ಅಪ್ಪಾ, ರೈಟ್ ಸೈಡ್ ಅಪ್," ಅಂತ ಅವಳು.

"ಅಜ್ಜಿಗೆ ಹೇಳಮ್ಮ, ಬಿಡ್ಬೇಡಿ ಅಂತ," ಅಂತ ಅವರು.

"ಅಮ್ಮಮ್ಮ, ಡೋಂಟ್ ಲೀವ್. ವೈ ಕಾಂಟ್ ಯೂ ಗೈಸ್ ಜಸ್ಟ್ ಟಾಕ್?" ಅಂತ ಅವಳು. ನಾವಿಬ್ಬರೂ ಇನ್ನಷ್ಟು ಬಲವಾಗಿ ಒತ್ತಿದೆವು. ಹಲಗೆ ಮಾತ್ರ ಬಾಗಿತು. ಒಂದು ಸ್ಕೀ ಸರಿಯಾಗಿ ಬಾಗಿತು, ಇನ್ನೊಂದು ನನ್ನ ಗಡಿಬಿಡಿಗೆ ಹೆಚ್ಚು ಬೆಂದು, ಮೂತಿ ಸ್ವಲ್ಪ ಜಾಸ್ತಿ ಎತ್ತಿ ಜಂಬದವಳ ಹಾಗೆ ನಿಂತಿತು.

ಬಲಕ್ಕೆ ಮೇಲೊಂದು ತೆಳು ಪಟ್ಟಿ ಅಂಟಿಸಿದರು. ಆ ಅಂಟು ಒಣಗುವವರೆಗೆ ಎರಡೂ ನನ್ನ ಕೋಣೆಯಲ್ಲೇ ಇದ್ದವು, ಮೈತುಂಬ ಕ್ಲ್ಯಾಂಪು ಕಚ್ಚಿಸಿಕೊಂಡು. ನಿಜ ಹೇಳುತ್ತೇನೆ, ಅವು ಇದ್ದಷ್ಟು ದಿನ ನನಗೆ ಜೊತೆಯಿತ್ತು. ಜಂಬದ ಮೂತಿಯದಕ್ಕೆ ನಾಲ್ಕು ಮಾತು ಹೆಚ್ಚೇ ಹೇಳಿದ್ದೇನೆ. ಸಂಜೆ ಮಾನ್ಯ ಸ್ಕೂಲಿನಿಂದ ಬಂದವಳೇ ನನ್ನ ಕೋಣೆಗೆ ಓಡಿ ಬರುತ್ತಿದ್ದಳು. ಬರುತ್ತಿದ್ದುದು ಸ್ಕೀ ನೋಡಲಿಕ್ಕೆ. ಆದರೆ ಮಂಚದ ಮೇಲೇ ಕೂರಬೇಕಲ್ಲ, ಬೇರೆ ಜಾಗವಿಲ್ಲ. ನನ್ನ ಪಕ್ಕ ಕೂತು ಕಾಲು ಆಡಿಸುತ್ತಿದ್ದಳು.

ಆಮೇಲೆ ಅಡಿಗೆ ಸನ್ಮೈಕಾ ಅಂಟಿಸಿದರು, ಬೂಟು ಕಟ್ಟಲು ಪಟ್ಟಿ ಬಿಗಿದರು. ಸ್ಕೀ ನನ್ನ ಕೋಣೆ ಬಿಟ್ಟು ಹಾಲಿಗೆ ಹೋಯಿತು. ಮಾನ್ಯಳೂ ಹಾಲಿಗೆ ಹೋದಳು. ನನ್ನ ವೀಸಾ ಮುಗಿಯುತ್ತ ಬಂದಿತ್ತು. ಟಿಕೆಟ್ಟಿಗೆ ಮುಂಚೆ ಉಳಿದಿದ್ದ ರಜೆ ಆ ಒಂದು ಶುಕ್ರವಾರ. ಅವಳು ಜಾರುವುದನ್ನು ನನ್ನ ಕಣ್ಣಲ್ಲಿ ಕಂಡೇ ಹೋಗಬೇಕು, ಆಮೇಲೆ ವಿಮಾನ ಎತ್ತ ಬೇಕಾದರೂ ಹಾರಲಿ ಅಂತ ನನ್ನ ಆಸೆ. ಆಸೆ ಜಾಸ್ತಿಯಾದರೆ ಕೈ ಸುಮ್ಮನಿರುವುದಿಲ್ಲ. ಆ ಶುಕ್ರವಾರ ಬೆಳಿಗ್ಗೆ ಮರುಭೂಮಿಗೆ ಹೊರಡಲು ಎಲ್ಲರೂ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿದ್ದಾಗ, ನಾನು ಯಾರಿಗೂ ಹೇಳದೆ ಎರಡೂ ಸ್ಕೀಯ ಅಡಿಗೆ ತೆಂಗಿನೆಣ್ಣೆ ಹಚ್ಚಿದೆ. ಚೆನ್ನಾಗಿ, ಮಗುವಿಗೆ ಹಚ್ಚುವ ಹಾಗೆ ತಿಕ್ಕಿ ತಿಕ್ಕಿ.

ನಮ್ಮೂರಲ್ಲಿ ದೋಣಿ ನೀರಿಗೆ ಇಳಿಸುವಾಗ ಅಡಿಗೆ ಹಾಸುವ ಮರಕ್ಕೆ ಮೀನೆಣ್ಣೆ ಸವರುತ್ತಾರೆ. ಎಂಥ ಭಾರದ ದೋಣಿಯೂ ಸರ್ರನೆ ಸಮುದ್ರಕ್ಕೆ ಹೋಗುತ್ತದೆ. ಇಷ್ಟು ದೊಡ್ಡ ದೋಣಿಯೇ ಹೋಗುವಾಗ ಇಷ್ಟು ಸಣ್ಣ ಮಗು ಹೋಗದೇ ಎಂಬುದು ನನ್ನ ಲೆಕ್ಕ. ಆದರೆ ದೋಣಿ ಜಾರುವುದು ಮರದ ಮೇಲೆ. ಮಗು ಜಾರಬೇಕಾದ್ದು ಮರಳಿನ ಮೇಲೆ. ಇಷ್ಟು ಸಣ್ಣ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಮರಳು ತುಳಿದವಳು ನಾನು, ಮರಳಿನ ವಿಷಯದಲ್ಲಿ ಯಾರನ್ನು ಕೇಳಬೇಕು ಎಂಬ ಧೈರ್ಯ ಬೇರೆ.

ಜಹ್ರಾ ಎಂಬ ಊರು ದಾಟಿ ಬಹಳ ದೂರ ಹೋದೆವು. ಅಲ್ಲಲ್ಲಿ ಚಳಿಗಾಲಕ್ಕೆ ಬಂದವರ ಡೇರೆಗಳು. ಒಂದು ಮರಳುದಿಬ್ಬದ ಬುಡದಲ್ಲಿ ಕಾರು ನಿಲ್ಲಿಸಿ ಚಾಪೆ ಹಾಸಿದೆವು. ಅಲ್ಲಿನ ಮರಳು ನಮ್ಮ ಕಡಲ ಮರಳಿನಂತಲ್ಲ. ಒಣಗಿ ನುಣ್ಣಗೆ ಚಿರೋಟಿ ರವೆಯ ಹಾಗೆ ಇರುತ್ತದೆ. ಹತ್ತಿದರೆ ಕಾಲು ಹೂತುಹೋಗುತ್ತದೆ. ಮಗಳು ಬೇಡ ಅಂದರೂ ಕೇಳದೆ, ನಾನು ಸೆರಗು ಸಿಕ್ಕಿಸಿಕೊಂಡು ದಿಬ್ಬದ ತಲೆಗೆ ಹತ್ತಿದೆ.

ಅಳಿಯಂದಿರು ಮಾನ್ಯಳ ಕಾಲಿಗೆ ಸ್ಕೀ ಕಟ್ಟಿ, ಊರಿಕೊಳ್ಳಲು ಎರಡು ಕೋಲು ಕೊಟ್ಟರು. "ಯಲ್ಲಾ," ಅಂದರು, ಹೊರಡು ಅನ್ನುವುದಕ್ಕೆ ಇಲ್ಲಿನ ಮಾತು. ಅವಳು ಕೋಲು ಊರಿ ತಳ್ಳಿದಳು. ಸ್ಕೀ ಕದಲಲಿಲ್ಲ. ಅವರು ಬೆನ್ನಿಗೆ ಕೈಕೊಟ್ಟು ದೂಡಿದರು. ಒಂದು ಗೇಣು ಹೋಗಿ ನಿಂತಿತು, ಮಗು ಮುಗ್ಗರಿಸಿ ಮರಳಿಗೆ ಮುಖ ಹಾಕಿ ಬಿದ್ದಳು. ಎತ್ತಿ ಸ್ಕೀ ಮಗುಚಿ ನೋಡಿದರೆ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಲು ತಯಾರಾದ ಬಂಗುಡೆ ಮೀನಿನ ಹಾಗೆ ಅಡಿ ಪೂರ್ತಿ ಮರಳು ಮೆತ್ತಿಕೊಂಡಿದೆ.

"ಇಟ್ಸ್ ಬ್ರೋಕನ್. ಖಲಾಸ್," ಅಂತ ಮಾನ್ಯ ಅಲ್ಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು.

ಅಳಿಯಂದಿರು ಬೆರಳಿಂದ ಮುಟ್ಟಿ, ಮೂಸಿ ನೋಡಿದರು. "ಏನೋ ಜಿಡ್ಡಿದೆಯಲ್ಲ," ಅಂತ ಸ್ಕೀಗೇ ಕೇಳಿದರು. ಸುತ್ತ ನೋಡಿದೆ. ಗೋಡೆ ಇಲ್ಲ. ಎಲ್ಲಿ ನೋಡಿದರೂ ಆಕಾಶ. ಮಧ್ಯಸ್ಥಿಕೆ ಮಾಡಬೇಕಾದ ಮಗು ಅಳುತ್ತಿದೆ. ನನ್ನ ತಾಯಿಯ ಕಾಲದಲ್ಲಿ ಮರುಭೂಮಿ ಇದ್ದಿದ್ದರೆ ಆ ನಿಯಮ ಹುಟ್ಟುತ್ತಲೇ ಇರಲಿಲ್ಲವೇನೋ. ಅಳಿಯಂದಿರ ಮುಖ ನೋಡಿ ಹೇಳಿದೆ.

"ಎಣ್ಣೆ ಹಚ್ಚಿದ್ ನಾನೇ. ದೋಣಿ ಹಾಂಗೇ ಜಾರುದಲ್ದಾ, ಅದ್ಕೆ ಹಚ್ದೆ. ತೆಂಗಿನೆಣ್ಣೆ."

ಅವರು ಸ್ಕೀ ನೋಡಿದರು, ನನ್ನನ್ನು ನೋಡಿದರು. ಬಾಯಿ ಬಿಗಿಹಿಡಿದರು, ಆಗಲಿಲ್ಲ. ಹೊಟ್ಟೆ ಹಿಡಿದು ನಗುತ್ತ ಮರಳಿನ ಮೇಲೆ ನನ್ನ ಎದುರೇ ಕೂತರು. "ಅಯ್ಯೋ ಅತ್ತೆ, ಒಂದ್ ಮಾತು ಕೇಳಬಾರದಿತ್ತಾ ನನ್ನ?"

"ಕೇಂಬುದ್ ಹ್ಯಾಂಗೆ? ನೀವ್ ಮಾತಾಡ್ತ್ರಿಲ್ಲೆ."

"ನೀವು ಮಾತಾಡ್ಸಿದ್ರೆ ತಾನೆ? ಈಗ ಇದನ್ನ ತೆಗೆಯೋದು ಹೇಗೆ ಹೇಳಿ."

ಹಚ್ಚಿದ ಎಣ್ಣೆ ತೆಗೆಯುವುದು ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತಿರಬೇಕು? ಬಜ್ಜಿ ಮಾಡಲು ಕಡಲೆಹಿಟ್ಟು ತಂದಿದ್ದೆವು. ಕೆಳಗಿನಿಂದ ಸುಮಾ ಹಿಟ್ಟೂ ನೀರೂ ಹೊತ್ತು ತಂದಳು. ಸ್ಕೀಗಳನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಹಿಟ್ಟು ಹಚ್ಚಿ ಉಜ್ಜಿ, ಬಿಸಿನೀರಿನ ಫ್ಲಾಸ್ಕಿನಿಂದ ಹೊಯ್ದು, ಸೆರಗಿನಲ್ಲಿ ಒರೆಸಿದೆ. ಬಾಣಂತಿ ಮನೆಯ ಮಗುವನ್ನು ಮೀಯಿಸಿದ ಹಾಗೆ. ಮಾನ್ಯ ಅಳು ನಿಲ್ಲಿಸಿ ತಾನೂ ಹಿಟ್ಟು ಹಚ್ಚಿದಳು. "ಸಂದಿ ಬಿಡ್ಬೇಡ," ಅಂದೆ. "ಬಿಟ್ಟಿಲ್ಲ ಅಮ್ಮಮ್ಮ," ಅಂದಳು, ಅಪ್ಪಟ ಕನ್ನಡದಲ್ಲಿ. ಬಿಸಿಲಿಗೆ ಒಣಗಿಸಿ, ಅಳಿಯಂದಿರು ಇದಕ್ಕೆಂದೇ ತಂದಿದ್ದ ಒಂದು ಮೇಣದಬತ್ತಿಯನ್ನು ಜೇಬಿನಿಂದ ತೆಗೆದು ಅಡಿಗೆ ಒಣಒಣವಾಗಿ ಉಜ್ಜಿದರು. ಬಜ್ಜಿ ಹೋಯಿತು, ಯಾರೂ ಕೇಳಲಿಲ್ಲ.

ಮತ್ತೆ ಕಟ್ಟಿದರು. ಈ ಸಲ ಯಲ್ಲಾ ಅನ್ನುವುದರೊಳಗೆ ಅವಳು ಹೋಗಿಯಾಗಿತ್ತು. ಸರ್ ಎಂಬ ಒಂದು ಸದ್ದು, ಹಿಂದೆ ಎರಡು ಗೆರೆ. ನಾನು ಕಂಡದ್ದು ಬೆನ್ನು ಮಾತ್ರ. ಜಡೆ ಹಾರುತ್ತಿತ್ತು, ಕೈ ಎರಡೂ ಬದಿಗೆ ಚಾಚಿತ್ತು. ಚಿಕ್ಕದಾಗುತ್ತ ಹೋಗಿ ಬುಡದಲ್ಲಿ ಒಂದು ಕೆಂಪು ಚುಕ್ಕಿಯಾಗಿ ನಿಂತಳು. ಕಂಡೆ, ಆಯಿತು, ಇನ್ನು ಟಿಕೆಟ್ಟು ಅಂದುಕೊಂಡೆ. ಮಕ್ಕಳು ಚೆನ್ನಾಗಿ ಜಾರಿದರು ಅಂದರೆ ಅರ್ಥ ಅಷ್ಟೇ ತಾನೆ, ನಮ್ಮಿಂದ ದೂರ ಹೋದರು.

ಆಗ ಆ ಚುಕ್ಕಿ ಬಗ್ಗಿ ಕಾಲಿನ ಪಟ್ಟಿ ಬಿಚ್ಚಿತು. ಹಿಮದ ಊರುಗಳಲ್ಲಿ ಕೆಳಗೆ ಹೋದವರನ್ನು ಮೇಲೆ ತರಲು ತಂತಿಯ ಮೇಲೆ ಓಡುವ ಕುರ್ಚಿ ಇರುತ್ತದಂತೆ. ಇಲ್ಲಿ ಅಂಥದ್ದೇನೂ ಇಲ್ಲ. ಇನ್ನೊಮ್ಮೆ ಜಾರಬೇಕಾದರೆ ಹಲಗೆ ಹೆಗಲಿಗೆ ಹಾಕಿಕೊಂಡು ಮರಳಲ್ಲಿ ಒಂದೊಂದೇ ಹೆಜ್ಜೆ ಹತ್ತಿ, ನಾನು ನಿಂತಲ್ಲಿಗೇ ಬರಬೇಕು. ಬಂದಳು. ಏದುಸಿರು ಬಿಡುತ್ತ, ಮುಖವೆಲ್ಲ ಮರಳು, ನನ್ನ ಸೀರೆ ಹಿಡಿದು ನಿಂತು ಸುಧಾರಿಸಿಕೊಂಡಳು, ಮತ್ತೆ ಹೋದಳು. ಮತ್ತೆ ಹತ್ತಿ ಬಂದಳು. ಬಿಸಿಲು ಇಳಿಯುವವರೆಗೂ ಹೀಗೆಯೇ.

"ಕೆಳಗೆ ಬಂದು ಚಾಪೆ ಮೇಲೆ ಕೂತ್ಕೊಳಿ ಅತ್ತೆ, ಕಾಲು ನೋಯುತ್ತೆ," ಅಂತ ಅಳಿಯಂದಿರು ಕೂಗಿ ಕರೆದರು.

ನಾನು ಬರುವುದಿಲ್ಲ ಅಂದೆ. ಅಷ್ಟು ಒಳ್ಳೆಯ ಜಾಗ ಬಿಟ್ಟು ಯಾರಾದರೂ ಇಳಿಯುತ್ತಾರೆಯೇ?